ಮನೆಯ ದುರಸ್ತಿ ಮತ್ತು ಬರಹದ ಭದ್ರತೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು, ಕಟ್ಟಿದ ಮನೆಯನ್ನು ದುರಸ್ತಿ ಮಾಡಿಸುವ ಕಷ್ಟವನ್ನೂ ಆ ಮಾತಿನಲ್ಲಿಯೇ ಅಡಗಿಸಿದ್ದರೆಂದು ತೋರುತ್ತದೆ. ಹೈದರಾಬಾದಿನ ಕುಷಾಯಿಗೂಡದಂತಹ ಬಡಾವಣೆಗಳಲ್ಲಿ, ಜೀವಮಾನದ ಉಳಿತಾಯದಿಂದ ಕಟ್ಟಿಸಿದ ಮನೆಯ ತಾರಸಿಯು ಮಳೆಗಾಲದಲ್ಲಿ ಸೋರತೊಡಗಿದಾಗ, ಗೃಹಸ್ಥನು ಮೊದಲು ಬಂದ ಗುತ್ತಿಗೆದಾರನಿಗೇ ಮುಂಗಡವನ್ನಿತ್ತುಬಿಡುವುದು ಸಹಜವಾದರೂ, ಆ ಆತುರವೇ ವಂಚನೆಗೆ ತೆರೆದ ಬಾಗಿಲಾಗುತ್ತದೆ.

ಮುಂಗಡ ಕೊಡುವ ಮುನ್ನ, ಗುತ್ತಿಗೆದಾರನು ಹಿಂದೆ ಮಾಡಿದ ಕೆಲಸವು ಒಂದು ಮಳೆಗಾಲವನ್ನು ತಾಳಿತೇ ಎಂಬುದನ್ನು ಅದನ್ನು ಮಾಡಿಸಿದ ಮನೆಯವರಿಂದಲೇ ಕೇಳಿ ತಿಳಿಯಬೇಕು. ದರವು ಕೂಲಿಗೆ ಮಾತ್ರವೋ ಸಾಮಗ್ರಿಸಹಿತವೋ, ಸಿಮೆಂಟು ಯಾವುದು, ಚದರಡಿಗೆಷ್ಟು, ಮುಗಿಸುವ ದಿನ ಯಾವುದು ಎಂಬುದೆಲ್ಲವನ್ನೂ ಬರೆದು ಉಭಯರೂ ಸಹಿ ಹಾಕಬೇಕು. ಕೆಲಸ ನಡೆದಂತೆ ಹಣವನ್ನು ಕಂತುಕಂತಾಗಿ ಕೊಟ್ಟು, ರಸೀದಿ ಪಡೆದು, ಗಿಲಾವಿಗೆ ಏಳು ದಿನವಾದರೂ ನೀರುಣಿಸಿ, ತಾರಸಿಯ ಮೇಲೆ ಎರಡು ದಿನ ನೀರು ನಿಲ್ಲಿಸಿ, ಒಳಗಿನ ಛಾವಣಿಯು ಒಣಗಿಯೇ ಇರುವುದನ್ನು ಕಂಡ ತರುವಾಯವೇ ಕಡೆಯ ಕಂತನ್ನು ಸಲ್ಲಿಸುವುದು ವಿವೇಕ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಗೃಹನಿರ್ಮಾಣವನ್ನೂ ಸೇವೆಯೆಂದು ಪರಿಗಣಿಸಿರುವುದರಿಂದ, ಮೋಸಹೋದವರು 1915 ಎಂಬ ಸಹಾಯವಾಣಿಗೆ ಕರೆಮಾಡಿ, ಗ್ರಾಹಕ ಆಯೋಗದ ಮೊರೆಹೋಗಬಹುದು. ಅಲ್ಲಿ ಸಾಕ್ಷಿ ನುಡಿಯುವುವು ಆ ಬರಹ, ಆ ರಸೀದಿಗಳೇ. ಕೇಳುಗರೇ, ಸ್ಪಷ್ಟವಾದ ಬರಹವು ಪ್ರಾಮಾಣಿಕನಾದ ಮೇಸ್ತ್ರಿಯ ಶ್ರಮಕ್ಕೂ ಗೌರವವನ್ನು ತರುತ್ತದೆ, ಏಕೆಂದರೆ ಆತನಿಗೆ ನ್ಯಾಯವಾಗಿ ಸಲ್ಲಬೇಕಾದ ಕೂಲಿಯೂ ಅದರಿಂದಲೇ ನಿಶ್ಚಿತವಾಗುವುದು.