ಶತ್ರುವಿಗೂ ಒಂದು ಕಾರಣ ಇರಲಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಗೊತ್ತಲ್ವಾ? ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಎಲ್ಲರೂ ಸೇರಿ ಕಥೆ ಕಟ್ಟುವ ಆಟ. 1974ರಲ್ಲಿ ಅಮೆರಿಕದಲ್ಲಿ ಬಂತು. ಅದರಲ್ಲಿ ಓರ್ಕ್ ಅಂತ ಒಂದು ಕಾಲ್ಪನಿಕ ಜನಾಂಗ. ಬಹಳ ಕಾಲ ಅವರನ್ನು ಹುಟ್ಟಿನಿಂದಲೇ ಕ್ರೂರಿಗಳು ಎಂಬಂತೆ ತೋರಿಸಿದರು. 2016ರ ಒಂದು ಪುಸ್ತಕದಲ್ಲಂತೂ ಓರ್ಕ್ ಪಾತ್ರ ಆಡುವವರು ಬುದ್ಧಿಯ ಅಂಕದಲ್ಲಿ ಎರಡು ಕಳೆಯಬೇಕಿತ್ತು! 2020ರಲ್ಲಿ ಆ ನಿಯಮ ತೆಗೆದರು. 2024ರ ಆಟಗಾರರ ಕೈಪಿಡಿಯಲ್ಲಿ ಓರ್ಕ್ ಕೂಡ ನಾವು ಆರಿಸಿಕೊಳ್ಳಬಹುದಾದ ಪಾತ್ರ.

'ಆಟ ತಾನೇ, ಇಷ್ಟೆಲ್ಲ ಯಾಕೆ?' ಅಂತ ಕೇಳ್ತಾರೆ. ಆಟ ನಡೆಸುವವಳಾಗಿ ನಾನು ಹೇಳೋದು ಇಷ್ಟೇ: ಶತ್ರು ಹುಟ್ಟಾ ಕೆಟ್ಟವನಾದರೆ ಆಟಗಾರರಿಗೆ ಯೋಚಿಸುವ ಕೆಲಸವೇ ಇರಲ್ಲ, ಕತ್ತಿ ಬೀಸಿದರೆ ಮುಗೀತು. ಅದೇ ಓರ್ಕ್‌ಗಳು ಬರಗಾಲಕ್ಕೆ ಸಿಕ್ಕಿ ದಾಳಿಗೆ ಬಂದವರು, ಅವರಲ್ಲೇ ಒಬ್ಬ ಮುದುಕಿ ಈ ಯುದ್ಧ ಬೇಡ ಅಂತಿದ್ದಾಳೆ ಅನ್ನಿ. ಆಗ ಮೇಜಿನ ಸುತ್ತ ವಾದ ಶುರು: ಹೊಡೆಯೋದಾ, ಮಾತಾಡೋದಾ?

ಊರಿಗೆ ಬೆಂಕಿ ಇಟ್ಟವರನ್ನು ಕ್ಷಮಿಸಿಬಿಡಿ ಅಂತ ನಾನು ಹೇಳ್ತಿಲ್ಲ. ಶತ್ರು ಶತ್ರುವಾಗಿಯೇ ಇರಲಿ. ಆದರೆ ಅದಕ್ಕೆ ಕಾರಣ ಅವನು ಮಾಡಿದ ಕೆಲಸ ಆಗಿರಲಿ, ಅವನ ಹುಟ್ಟು ಅಲ್ಲ.