ವೈದ್ಯನ ಋಣಶೇಷ

ಋಣಶೇಷ, ಅಗ್ನಿಶೇಷ, ವ್ಯಾಧಿಶೇಷ—ಈ ಮೂರನ್ನೂ ಉಳಿಸಿಕೊಳ್ಳಬಾರದೆಂದು ನಮ್ಮ ಹಿರಿಯರು ಎಚ್ಚರಿಸುತ್ತಿದ್ದರು. ಉಳಿದ ಕಿಡಿ ಮತ್ತೆ ಹೊತ್ತಿಕೊಳ್ಳುತ್ತದೆ. ಉಳಿದ ರೋಗ ಮರುಕಳಿಸುತ್ತದೆ. ಉಳಿದ ಸಾಲ ನಾವು ಮರೆತಿರುವಾಗ ಬಾಗಿಲು ತಟ್ಟುತ್ತದೆ. ವ್ಯಾಧಿಶೇಷವನ್ನು ನೀಗಿಸುವುದೇ ವೈದ್ಯನ ವೃತ್ತಿ. ಅಂಥ ವೈದ್ಯನೇ ಋಣಶೇಷವೊಂದನ್ನು ಹೊತ್ತು ನಡೆಯುವ ಪ್ರಸಂಗವನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ. ಇದು ಅಮೆರಿಕದ ಮಾತು.

ಅಲ್ಲಿ ವೈದ್ಯಶಿಕ್ಷಣ ಬಲು ದುಬಾರಿ. ಸೇನೆ ವಿದ್ಯಾರ್ಥಿವೇತನ ಕೊಟ್ಟು ಓದಿಸುತ್ತದೆ. ನಾಲ್ಕು ವರ್ಷ ಓದಿಸಿದರೆ ಸಾಮಾನ್ಯವಾಗಿ ನಾಲ್ಕು ವರ್ಷ ಸಮವಸ್ತ್ರ ತೊಟ್ಟು ದುಡಿಯಬೇಕು. ಇಷ್ಟು ಎಲ್ಲರೂ ನೆನಪಿಟ್ಟುಕೊಳ್ಳುವ ಕರಾರು. ಆದರೆ ಸೇನೆ ಸೇರಿದವನ ಒಟ್ಟು ಬಾಧ್ಯತೆ ಸಾಮಾನ್ಯವಾಗಿ ಎಂಟು ವರ್ಷ. ಸಕ್ರಿಯ ಸೇವೆ ಕಳೆದು ಉಳಿದ ವರ್ಷಗಳಲ್ಲಿ ಆತನ ಹೆಸರು ಮೀಸಲು ಪಡೆಯ ಪಟ್ಟಿಯಲ್ಲಿ ಇರುತ್ತದೆ. ವಾರಾಂತ್ಯದ ಕವಾಯತಿಲ್ಲ, ತಿಂಗಳ ಸಂಬಳವಿಲ್ಲ. ಮನೆ ಬದಲಾಯಿಸಿದರೆ ಹೊಸ ವಿಳಾಸ ತಿಳಿಸಬೇಕು, ಕರೆದರೆ ಹೋಗಬೇಕು.

ತರುಣ ವೈದ್ಯನೊಬ್ಬನನ್ನು ಊಹಿಸಿಕೊಳ್ಳಿ. ಇಂಟರ್ನ್‌ಶಿಪ್ ಮುಗಿಸಿ ಕೆಲವು ವರ್ಷ ಯುದ್ಧನೌಕೆಯಲ್ಲೋ ವಿಮಾನದಳದಲ್ಲೋ ಸಾಮಾನ್ಯ ವೈದ್ಯನಾಗಿ ದುಡಿದು ಹೊರಬಂದಿದ್ದಾನೆ. ಮೂವತ್ತು ದಾಟಿದ ಮೇಲೆ, ತನಗಿಂತ ಕಿರಿಯರ ಜೊತೆಯಲ್ಲಿ, ನಾಗರಿಕ ಆಸ್ಪತ್ರೆಯೊಂದರಲ್ಲಿ ರೆಸಿಡೆನ್ಸಿ ಆರಂಭಿಸುತ್ತಾನೆ. ವೈದ್ಯಶಾಸ್ತ್ರಕ್ಕೆ ಮೂರು ವರ್ಷ, ಶಸ್ತ್ರವೈದ್ಯಕ್ಕೆ ಐದು, ಮೆದುಳಿನ ಶಸ್ತ್ರಚಿಕಿತ್ಸೆಗೆ ಏಳು. ದುಡಿಮೆ ಸರಾಸರಿ ವಾರಕ್ಕೆ 80 ಗಂಟೆ ಮೀರಬಾರದೆಂದು 2003ರಲ್ಲಿ ನಿಯಮ ಮಾಡಬೇಕಾಯಿತೆಂದರೆ, ಅದಕ್ಕೆ ಮುಂಚೆ ಹೇಗಿತ್ತೆಂಬುದನ್ನು ಊಹಿಸಬಹುದು. ಇಂಥ ಬದುಕಿನ ನಡುವೆ ಒಂದು ದಿನ ಸೇನೆಯ ಕಾಗದ ಬರಬಹುದು.

ಇದು ಬರಿಯ ಊಹೆಯ ಭಯವಲ್ಲ. ಅಧ್ಯಕ್ಷರು ರಾಷ್ಟ್ರೀಯ ತುರ್ತುಪರಿಸ್ಥಿತಿಯನ್ನು ಘೋಷಿಸಿದರೆ, ಹತ್ತು ಲಕ್ಷದವರೆಗೆ ಮೀಸಲು ಯೋಧರನ್ನು 24 ತಿಂಗಳವರೆಗೆ ಕರೆಸಿಕೊಳ್ಳಲು ಅಲ್ಲಿನ ಕಾನೂನು ಅಧಿಕಾರ ಕೊಡುತ್ತದೆ. 1991ರ ಕೊಲ್ಲಿ ಯುದ್ಧದಲ್ಲಿ ಈ ಪಟ್ಟಿ ತೆರೆಯಿತು. 2004ರಲ್ಲಿ, ಇರಾಕಿನ ಯುದ್ಧಕಾಲದಲ್ಲಿ, ಇದೇ ಪಟ್ಟಿಯಿಂದ ಸುಮಾರು 5,600 ಮಂದಿಯನ್ನು ಕರೆಯುವುದಾಗಿ ಭೂಸೇನೆ ಸಾರಿತು. ಸಮವಸ್ತ್ರವನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿ ಬೇರೆ ಬದುಕು ಕಟ್ಟಿಕೊಂಡಿದ್ದವರು ಅವರು.

ಕಲಿಕೆಯ ನಡುವೆ ಎದ್ದುಹೋಗುವ ವೈದ್ಯ ಏನನ್ನು ಕಳೆದುಕೊಳ್ಳುತ್ತಾನೆ? ಉದ್ಯೋಗವನ್ನಲ್ಲ, ಹಿಂದಿರುಗಿದವನಿಗೆ ಅವನ ಸ್ಥಾನವನ್ನು ಕೊಡಬೇಕೆಂದು 1994ರ ಶಾಸನ ವಿಧಿಸಿದೆ. ಆದರೆ ಶಾಸನ ಸ್ಥಾನವನ್ನು ಕಾಯಬಲ್ಲದು, ಕೈಯ ಪಳಗನ್ನು ಕಾಯಲಾರದು. ಮೂರನೆಯ ವರ್ಷದ ಶಸ್ತ್ರವೈದ್ಯನ ಬೆರಳುಗಳು ಆಗತಾನೇ ಧೈರ್ಯ ಕಲಿಯುತ್ತಿರುತ್ತವೆ. ತಜ್ಞನೆನಿಸಿಕೊಳ್ಳಲು ಬೇಕಾದ ತಿಂಗಳುಗಳನ್ನು ಅವನು ಬಂದಮೇಲೆ ತುಂಬಿಕೊಡಲೇಬೇಕು. ಅತ್ತ ಅವನು ಬಿಟ್ಟುಹೋದ ರಾತ್ರಿಪಾಳಿಗಳನ್ನು ಜೊತೆಗಾರರು ಹಂಚಿಕೊಳ್ಳುತ್ತಾರೆ. ನಮ್ಮ ಊರುಗಳಿಂದ ಹೋಗಿ ಅಲ್ಲಿ ರೆಸಿಡೆನ್ಸಿ ಮಾಡುವ ಮಕ್ಕಳೂ ಆ ಜೊತೆಗಾರರಲ್ಲಿ ಇರಬಹುದು.

ಹಾಗೆಂದು ಈ ಕರೆ ಅನ್ಯಾಯವೆನ್ನಲೆ? ಗಾಯಗೊಂಡ ಸೈನಿಕನ ಪಕ್ಕದಲ್ಲಿ ಯಾರಾದರೂ ಇರಲೇಬೇಕಲ್ಲ. ಸಾರ್ವಜನಿಕರ ಹಣದಲ್ಲಿ ಓದಿದವನಿಗೆ ಆ ಋಣವಿದೆ. ಪ್ರಶ್ನೆಯಿರುವುದು ಋಣದಲ್ಲಲ್ಲ, ಅದನ್ನು ಕೇಳುವ ರೀತಿಯಲ್ಲಿ. ಈ ಪ್ರಶ್ನೆಯನ್ನು ಆ ದೇಶ ಹಿಂದೆಯೇ ಎದುರಿಸಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಸಾವಿರಾರು ವಿದ್ಯಾರ್ಥಿಗಳನ್ನು ತನ್ನ ಖರ್ಚಿನಲ್ಲಿ ವೈದ್ಯರನ್ನಾಗಿಸಿತು. ಅವರಲ್ಲಿ ಅನೇಕರ ಓದು ಮುಗಿಯುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. 1950ರ ಜೂನ್‌ನಲ್ಲಿ ಕೊರಿಯಾದಲ್ಲಿ ಯುದ್ಧ ಸಿಡಿದಾಗ, ಮೀಸಲು ಪಟ್ಟಿಯಲ್ಲಿ ಸಿಕ್ಕಿದವರು ಹಿಂದಿನ ಯುದ್ಧದಲ್ಲಿ ಬೆಂದು ಬಂದಿದ್ದ ವೈದ್ಯರು. ಯುದ್ಧ ಕಂಡವರಿಗೇ ಮತ್ತೆ ಯುದ್ಧ. ಪುಕ್ಕಟೆ ಓದಿದವರಿಗೆ ಮನೆ. ಈ ವಿಪರ್ಯಾಸವನ್ನು ತಿದ್ದಲು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಶಾಸನವೊಂದು ಬಂದಿತು. ಅದು ವೈದ್ಯರನ್ನು ಸರದಿಯಲ್ಲಿ ನಿಲ್ಲಿಸಿತು: ಸರ್ಕಾರದ ಖರ್ಚಿನಲ್ಲಿ ಓದಿಯೋ ಓದಿಗಾಗಿ ಸೈನ್ಯದಿಂದ ವಿನಾಯಿತಿ ಪಡೆದೋ 90 ದಿನವೂ ಸೇವೆ ಮಾಡದವರು ಮೊದಲು, ಅಂಥವರಲ್ಲೇ 21 ತಿಂಗಳು ತುಂಬಿಸದವರು ಆಮೇಲೆ, ಸೇವೆಯನ್ನೇ ಕಾಣದ ಇತರರು ಮೂರನೆಯವರು, ಹಿಂದೆ ದುಡಿದವರು ಕೊನೆಗೆ. ಹಾಗೆ ಕರೆಸಿಕೊಂಡವರಲ್ಲಿ ಶಸ್ತ್ರವೈದ್ಯ ರಿಚರ್ಡ್ ಹಾರ್ನ್‌ಬರ್ಗರ್ ಒಬ್ಬರು. ರಿಚರ್ಡ್ ಹುಕರ್ ಎಂಬ ಹೆಸರಿನಲ್ಲಿ 1968ರಲ್ಲಿ ಪ್ರಕಟವಾದ 'ಮ್ಯಾಶ್' ಕಾದಂಬರಿ ಅವರ ಕೊರಿಯಾದ ಅನುಭವದಿಂದ ಹುಟ್ಟಿದ್ದು.

ಸರದಿ ಸರಿಯಾಯಿತು, ಸಮಯ ಸರಿಯಾಗಿರಲಿಲ್ಲ. 1954ರಲ್ಲಿ ರಕ್ಷಣಾ ಇಲಾಖೆಗೆ ಬಂದ ಶಸ್ತ್ರವೈದ್ಯ ಫ್ರಾಂಕ್ ಬೆರಿ ಅದನ್ನು ಕಂಡರು. ಅವರ ಯೋಜನೆ ತರುಣ ವೈದ್ಯನಿಗೆ ಮೂರು ದಾರಿಗಳನ್ನು ಮುಂದಿಟ್ಟಿತು: ಇಂಟರ್ನ್‌ಶಿಪ್ ಮುಗಿದೊಡನೆ ಬಾ, ರೆಸಿಡೆನ್ಸಿಯ ಒಂದು ವರ್ಷ ಕಳೆದು ಬಾ, ಇಲ್ಲವೆ ತಜ್ಞನಾಗಿಯೇ ಬಾ. ಸೇನೆಗೆ ಪಳಗಿದ ಕೈ ಸಿಕ್ಕಿತು. ವೈದ್ಯನಿಗೆ ತನ್ನ ನಾಳೆ ಯಾವುದೆಂದು ತಿಳಿಯಿತು. 1973ರಲ್ಲಿ ಕಡ್ಡಾಯ ಭರ್ತಿ ನಿಂತಾಗ ಆ ಯೋಜನೆಗೂ ತೆರೆಬಿತ್ತು. ಅದಕ್ಕೆ ಒಂದು ವರ್ಷ ಮುಂಚೆ, 1972ರ ಶಾಸನದಿಂದ, ಇಂದಿನ ವಿದ್ಯಾರ್ಥಿವೇತನದ ಪದ್ಧತಿ ಆರಂಭವಾಗಿತ್ತು.

ಈಗ ಸಹಿ ಹಾಕುವವನು ಸ್ವಇಚ್ಛೆಯಿಂದಲೇ ಹಾಕುತ್ತಾನೆ, ನಿಜ. ಆದರೆ ಇಪ್ಪತ್ತೆರಡರ ಹುಡುಗನಿಗೆ ಮೊದಲ ನಾಲ್ಕು ವರ್ಷ ಕಾಣುವಷ್ಟು ಸ್ಪಷ್ಟವಾಗಿ ಕೊನೆಯ ನಾಲ್ಕು ಕಾಣುವುದಿಲ್ಲ. ಸಾಲ ಕೊಡುವವನಿಗೂ ಒಂದು ಧರ್ಮವಿದೆ: ಕೊಡುವ ದಿನವೇ ಶೇಷವೆಷ್ಟೆಂದು ಬಾಯಿಬಿಟ್ಟು ಹೇಳುವುದು, ಕೇಳುವ ದಿನ, ಸಾಲಗಾರನ ಕೈಯಲ್ಲಿ ಆ ಹೊತ್ತು ಏನಿದೆಯೆಂದು ನೋಡುವುದು. ಆ ಕೈ ಅರ್ಧ ಕಲಿತದ್ದಾದರೆ, ಕಲಿಕೆ ಮುಗಿಯುವವರೆಗೆ ಕಾಯುವುದರಲ್ಲಿ ಸೇನೆಗೂ ನಷ್ಟವಿಲ್ಲ. ಬೆರಿಯವರು ತೋರಿಸಿಕೊಟ್ಟದ್ದು ಇದನ್ನೇ. ಋಣ ತೀರಲೇಬೇಕು, ಆದರೆ ಅದು ತೀರುವಾಗ, ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ತನ್ನ ವೈದ್ಯನ ದಾರಿ ಕಾಯುತ್ತಿರುವ ರೋಗಿ ಅದರ ಬಡ್ಡಿ ಕಟ್ಟುವಂತಾಗಬಾರದು.