ಬಿಎ ಓದೋಕೆ ಲಕ್ಷ ಕೊಡ್ತಾರಾ?

ಪಿಯುಸಿ ರಿಸಲ್ಟ್ ಬಂತು ಅಂದ್ರೆ ನಮ್ಮ ಸ್ಟುಡಿಯೋಗೆ ಬರೋ ಫೋನ್‌ಗಳೆಲ್ಲ ಒಂದೇ ಥರ. ಸಿಇಟಿ ರ‍್ಯಾಂಕ್ ಇಷ್ಟು, ಯಾವ ಕಾಲೇಜು ಸಿಗುತ್ತೆ, ಯಾವ ಬ್ರಾಂಚ್ ತಗೊಳ್ಳೋದು. ಮೊನ್ನೆ ಒಂದು ಕರೆ ಮಾತ್ರ ಬೇರೆ ಇತ್ತು. ಚಿಂತಾಮಣಿ ಕಡೆಯ ಒಬ್ಬ ತಾಯಿ. "ಸಾರ್, ಮಗಳಿಗೆ ಸೈನ್ಸಲ್ಲಿ ಒಳ್ಳೆ ಮಾರ್ಕ್ಸ್ ಬಂದೈತೆ. ಆದ್ರೆ ಬಿಎ ಎಕನಾಮಿಕ್ಸ್ ಓದ್ತೀನಿ, ಅದೂ ಬೆಂಗ್ಳೂರಿನ ಪ್ರೈವೇಟ್ ಯೂನಿವರ್ಸಿಟೀಲಿ ಅಂತಾಳೆ. ಬಿಎ ಓದೋಕೆ ಲಕ್ಷ ಕೊಡ್ತಾರಾ ಅಂತ ನಮ್ಮೋರೆಲ್ಲ ನಗ್ತಾವ್ರೆ."

ಎಕನಾಮಿಕ್ಸೇ ಯಾಕಮ್ಮಾ ಅಂತ ಕೇಳಿದೆ. ಅವರದ್ದು ಟೊಮ್ಯಾಟೊ ಬೆಳೆಯೋ ಮನೆ. ಮಂಡಿಯಲ್ಲಿ ರೇಟು ಬಿದ್ದು ಅಪ್ಪ ರಸ್ತೆಗೆ ಸುರಿದು ಬಂದ ವಾರ, ಬೆಂಗಳೂರಲ್ಲಿರೋ ಚಿಕ್ಕಮ್ಮ ಅದೇ ಟೊಮ್ಯಾಟೊವನ್ನ ದುಡ್ಡು ಕೊಟ್ಟು ಕೊಂಡಿದ್ದರಂತೆ. ಮಧ್ಯದಲ್ಲಿ ಏನಾಗುತ್ತೆ ಅನ್ನೋದು ಆ ಹುಡುಗಿಯ ಪ್ರಶ್ನೆ.

ನಾನು ಎಂಜಿನಿಯರಿಂಗ್ ಓದಿದವನು. ನಾಲ್ಕು ವರ್ಷದಲ್ಲಿ ಸಮಾಜದ ಬಗ್ಗೆ ನಾನು ಓದಿದ್ದು ಸಂವಿಧಾನದ ಒಂದೇ ಒಂದು ಪೇಪರ್, ಅದನ್ನೂ ಹಿಂದಿನ ರಾತ್ರಿ. ಆಮೇಲೆ ಈ ಕುರ್ಚಿಗೆ ಬಂದೆ. ಒಂದು ಸಲ ಚುನಾವಣಾ ಸಮೀಕ್ಷೆಯ ಅಂಕಿಗಳನ್ನ ಇಡೀ ರಾಜ್ಯದ ಮನಸ್ಸು ಇದೇ ಅನ್ನೋ ಹಾಗೆ ಓದಿದೆ. ಯಾರನ್ನ ಕೇಳಿದ್ರು, ಫೋನಲ್ಲಿ ಕೇಳಿದ್ರಾ, ಮನೆಗೆ ಹೋಗಿ ಕೇಳಿದ್ರಾ, ಹೆಂಗಸರು ಎಷ್ಟು ಜನ, ಯಾವ ಕೇರಿಯವರು? ನಾನು ಕೇಳಲೇ ಇಲ್ಲ. ಕೇಳಬೇಕು ಅಂತ ಗೊತ್ತೇ ಇರಲಿಲ್ಲ. ಇದು ಬಿಎ ಮೊದಲ ವರ್ಷದ ಪಾಠ ಸ್ವಾಮಿ.

ಈ ಪ್ರಶ್ನೆಗಳನ್ನ ಕೇಳೋ ವಿದ್ಯೆ ನಮಗೆ ಹೊಸದೂ ಅಲ್ಲ. ಎಂ.ಎನ್. ಶ್ರೀನಿವಾಸ್ ಮೈಸೂರಿನವರು, ಮಹಾರಾಜ ಕಾಲೇಜಿನಲ್ಲಿ ಓದಿದವರು. 1948ರಲ್ಲಿ ಮೈಸೂರು ಹತ್ತಿರದ ಒಂದು ಹಳ್ಳಿಯಲ್ಲಿ ಹೋಗಿ ಕೂತರು. 'ಪ್ರಬಲ ಜಾತಿ' ಅಂತ ನಾವು ಪ್ರತಿ ಚುನಾವಣೆಯಲ್ಲೂ ಉದುರಿಸ್ತೀವಲ್ಲ, ಆ ಪರಿಕಲ್ಪನೆ ಅವರದ್ದು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಬೆಂಕಿಗೆ ಅವರ ಟಿಪ್ಪಣಿಗಳು ಸುಟ್ಟುಹೋದವು. ಆದರೂ ಬಹುಪಾಲು ನೆನಪಿನಿಂದಲೇ ಬರೆದು, 1976ರಲ್ಲಿ ಆ ಹಳ್ಳಿಯ ಪುಸ್ತಕ ತಂದರು. ಆ ಮನುಷ್ಯ ಬಿಎ ಓದಿದ್ದು ಸರ್ಕಾರಿ ಕಾಲೇಜಿನಲ್ಲಿ ಅನ್ನೋದನ್ನ ನೆನಪಿಡಿ.

ಇವತ್ತು? ರಾಜ್ಯದಲ್ಲಿ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅವು ನಡೀತಿರೋದೇ ಅತಿಥಿ ಉಪನ್ಯಾಸಕರ ಮೇಲೆ. ಪ್ರತಿ ವರ್ಷ ಅವರ ನೇಮಕಾತಿ ತಡ, ಸಂಬಳ ತಡ, ಪಾಠವೂ ತಡ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರಕ್ಕೆ ಬಂತು. ಮಕ್ಕಳು ಯಾವ ಸಿಲಬಸ್ ಹಿಡೀಬೇಕು?

ಅದೇ ಹೊತ್ತಿಗೆ ಬಿಎಗೆ ಮರ್ಯಾದೆ ಬಂದಿರೋದು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ. ಹರಿಯಾಣದ ಸೋನಿಪತ್‌ನಲ್ಲಿ ಅಶೋಕ 2014ರಲ್ಲಿ ಶುರುವಾಯ್ತು. ನಮ್ಮಲ್ಲೇ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2015ರಿಂದ ಪದವಿ ಕೋರ್ಸ್ ನಡೆಸ್ತಿದೆ. ಸಣ್ಣ ತರಗತಿ, ಲೈಬ್ರರಿ, ಹಳ್ಳಿಗೆ ಹೋಗಿ ಮಾಡೋ ಅಧ್ಯಯನ. ಪಾಠ ಇಂಗ್ಲಿಷಿನಲ್ಲಿ. ಇಂಥ ಕಡೆ ಫೀಸು, ಹಾಸ್ಟೆಲ್ ಸೇರಿದರೆ ಲೆಕ್ಕ ಲಕ್ಷಗಳಲ್ಲಿ. ಬಡತನದ ಬಗ್ಗೆ ಓದೋಕೆ ದುಡ್ಡಿರಬೇಕು ಅನ್ನೋ ಸ್ಥಿತಿ. ಮಂಡಿಯನ್ನ ಕಂಡ ಹುಡುಗಿ ಹೊರಗೆ, ಮಂಡಿಯ ಬಗ್ಗೆ ಪ್ರಾಜೆಕ್ಟ್ ಮಾಡೋರು ಒಳಗೆ.

ಹಾಗಂತ ಖಾಸಗಿ ಅಂದ ತಕ್ಷಣ ಸ್ವತಂತ್ರ ಅಂತಲೂ ಅಲ್ಲ. 2021ರಲ್ಲಿ ಅಶೋಕದಿಂದ ಪ್ರತಾಪ್ ಭಾನು ಮೆಹ್ತಾ ರಾಜೀನಾಮೆ ಕೊಟ್ಟಾಗ ಇಡೀ ದೇಶ ಆ ಚರ್ಚೆ ಮಾಡಿತು. ಕೆಲವು ಕಡೆ ಕಟ್ಟಡ ಮಾತ್ರ ಇರುತ್ತೆ, ಕಾಯಂ ಮೇಷ್ಟ್ರು ಇರಲ್ಲ. ಫೀಸ್ ಕಟ್ಟೋಕೆ ಮುಂಚೆ ಬ್ರೋಶರ್ ಪಕ್ಕಕ್ಕಿಟ್ಟು ಎರಡನೇ ವರ್ಷದ ಮಕ್ಕಳನ್ನ ಮಾತಾಡಿಸಿ.

ಆ ತಾಯಿಗೂ ಇದನ್ನೇ ಹೇಳಿದೆ. ನಗೋರು ನಗಲಿ ಬಿಡಿ ಅಮ್ಮ, ಅರ್ಜಿ ಹಾಕಿಸಿ. ಅಜೀಂ ಪ್ರೇಮ್‌ಜಿಯಂಥ ಕಡೆ ಮನೆಯ ಆದಾಯ ನೋಡಿ ಫೀಸು, ಊಟ, ವಸತಿಗೂ ನೆರವು ಕೊಡ್ತಾರೆ. ಇವತ್ತೇ ನಾಡಕಚೇರಿಗೆ ಹೋಗಿ ಆದಾಯ ಪ್ರಮಾಣಪತ್ರಕ್ಕೆ ಹಾಕಿ ಅಂದೆ.

"ಅಲ್ಲಿ ಸೀಟು ಸಿಗ್ಲಿಲ್ಲ ಅಂದ್ರೆ ಸಾರ್?"

ಹತ್ತಿರದ ಸರ್ಕಾರಿ ಕಾಲೇಜಿದೆಯಲ್ಲಮ್ಮ, ಅಲ್ಲೂ ಎಕನಾಮಿಕ್ಸ್ ಇರುತ್ತೆ ಅಂದೆ.

"ಅಲ್ಲಿ ಪಾಠ ಮಾಡೋರು ಇದಾರಾ ಸಾರ್?" ಅಂದ್ರು.

ಆ ಪ್ರಶ್ನೆಯನ್ನ ಇವತ್ತು ಉನ್ನತ ಶಿಕ್ಷಣ ಸಚಿವರ ಮುಂದೆ ಇಡ್ತಾ ಇದ್ದೀನಿ.